ಕೈಪಿಡಿಯಪ್ಪನ ಬ್ಯಾಟರಿ

ಅಷ್ಟಕ್ಕೂ ಅವತ್ತು ಬೆಳಿಗ್ಗೆ ನಡೆದದ್ದು ಇಷ್ಟೇ. ಹಿತ್ತಲ ಬಾಗಿಲಲ್ಲಿ ನಿಂತು ಹೆಂಡತಿ ಒಂದು ಮಾತು ಕೇಳಿದಳು. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಗಂಡ ಒಂದು ಉತ್ತರ ಕೊಟ್ಟ. ಯಾವ ಸಂಸಾರದಲ್ಲಿ ಇದು ನಡೆಯುವುದಿಲ್ಲ ಹೇಳಿ. ಆದರೆ ಆ ಉತ್ತರ ಎಂಥದ್ದು ಅಂತ ಕೇಳಿದ ಮೇಲೆ ನೀವೂ ಆಕೆಯ ಕಡೆಗೇ ಸೇರುತ್ತೀರಿ.

ಈ ಗಂಡನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಬೀದಿಯವರು ಇಟ್ಟದ್ದು ಕೈಪಿಡಿಯಪ್ಪ. ಹೊಸ ಯಂತ್ರ ಕೊಂಡಾಗ ಡಬ್ಬದ ತಳದಲ್ಲಿ ಒಂದು ತೆಳ್ಳನೆಯ ಪುಸ್ತಕ ಇರುತ್ತದಲ್ಲ, ಯಾರೂ ಓದದೆ ಹಳೇ ಪೇಪರಿನ ಜೊತೆ ಹಾಕಿಬಿಡುವಂಥದ್ದು, ಅದನ್ನು ನಮ್ಮ ಭಾಷೆಗೆ ತರುವುದು ಅವನ ಕಸುಬು. ಇಸ್ತ್ರಿಪೆಟ್ಟಿಗೆ, ನೀರಿನ ಫಿಲ್ಟರು, ಕೂದಲು ಒಣಗಿಸುವ ಯಂತ್ರ, ಯಾವುದನ್ನೂ ಬಿಟ್ಟವನಲ್ಲ. ಆ ಪುಸ್ತಕಗಳನ್ನು ಓದಿ, ನಂಬಿ, ಅದರಲ್ಲಿ ಹೇಳಿದಂತೆ ನಡೆದುಕೊಳ್ಳುವ ಮನುಷ್ಯ ಇಡೀ ಭೂಮಿಯ ಮೇಲೆ ಅವನೊಬ್ಬನೇ ಇದ್ದರೂ ಇರಬಹುದು.

ಆಕೆ ಕೇಳಿದ್ದು, "ವಾಷಿಂಗ್ ಮಷೀನ್ ಮಧ್ಯದಲ್ಲೇ ನಿಂತುಹೋಯ್ತು, ಸ್ವಲ್ಪ ಬಂದು ನೋಡ್ತೀರಾ?" ಅಂತ.

ಇವನ ಬೆರಳುಗಳು ನಿಲ್ಲಲಿಲ್ಲ. ಬಾಯಿ ಮಾತ್ರ ತನ್ನಷ್ಟಕ್ಕೆ ತಾನು ಹೇಳಿತು: "ಪ್ಲಗ್ ಸರಿಯಾಗಿ ಸಿಕ್ಕಿಸಿದ್ದೀಯಾ ನೋಡು. ಸ್ವಿಚ್ ಹಾಕಿದ್ದೀಯಾ ನೋಡು. ಆಗಲೂ ಸರಿಹೋಗದಿದ್ದರೆ ಹತ್ತಿರದ ಸೇವಾ ಕೇಂದ್ರವನ್ನು ಸಂಪರ್ಕಿಸು."

ಕೈತುಂಬ ಸೋಪಿನ ನೊರೆ ಮಾಡಿಕೊಂಡು, ಎದುರಿಗೆ ನೀರು ತುಂಬಿ ನಿಂತ ಯಂತ್ರವನ್ನಿಟ್ಟುಕೊಂಡು, ಇಷ್ಟು ವರ್ಷ ಬಾಳಿದ ಗಂಡನ ಬಾಯಲ್ಲಿ ಇಂಥ ಮಾತು ಕೇಳಿದ ಹೆಂಗಸು ಏನು ತಾನೇ ಹೇಳಿಯಾಳು? "ಆಗಲಿ, ಸಂಪರ್ಕಿಸ್ತೀನಿ" ಅಂದಳು. ಅಲ್ಲಿಂದಾಚೆ ಬಾಯಿಗೆ ಬೀಗ ಬಿತ್ತು.

ಆ ಬೀಗ ಬಿದ್ದದ್ದು ಕೈಪಿಡಿಯಪ್ಪನಿಗೆ ಗೊತ್ತಾಗಲೇ ಇಲ್ಲ. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಗುರುತು ಅರ್ಧಕ್ಕೆ ಇಳಿದಾಗ, ಯಾಕಪ್ಪಾ ಎಂದು ಗೋಡೆಯ ಕಡೆ ನೋಡಿದ. ಪ್ಲಗ್ ಸಿಕ್ಕಿಸಿಯೇ ಇತ್ತು. ಸ್ವಿಚ್ಚೂ ಹಾಕಿತ್ತು. ಕರೆಂಟೇ ಇರಲಿಲ್ಲ. ಮಷೀನು ನಿಂತದ್ದೂ ಅದಕ್ಕೇ ಅಂತ ಆಗ ಹೊಳೆಯಿತು, ಎದೆ ಧಸಕ್ಕೆಂದಿತು.

ಈ ಎದೆ ಧಸಕ್ಕೆನ್ನುವುದಕ್ಕೆ ಕಾರಣ ಎರಡು. ಮೊದಲನೆಯದು ಕೆಲಸ. ಈಗೀಗ ಯಂತ್ರಗಳ ಪುಸ್ತಕವನ್ನು ಯಂತ್ರಗಳೇ ಅನುವಾದ ಮಾಡಿಕೊಳ್ಳುತ್ತಿವೆಯಂತೆ, ಹಾಗಾಗಿ ಇವನ ಕೈಗೆ ಕೆಲಸ ಬರುವುದು ನಿಂತೇ ಹೋಗಿತ್ತು. ಅನುವಾದದ ಏಜೆನ್ಸಿ ನಡೆಸುವಾಕೆ ಒಳ್ಳೆಯವಳು. ಲ್ಯಾಪ್‌ಟಾಪ್ ತಯಾರಿಸುವ ಕಂಪನಿಯೊಂದರ ಹತ್ತಿರ ಜಗಳವಾಡಿ ಒಂದೇ ಒಂದು ಪುಸ್ತಕವನ್ನು ಇವನಿಗೆ ಕೊಡಿಸಿದ್ದಳು. ಸಂಜೆ ಐದು ಗಂಟೆಯೊಳಗೆ ಕಳಿಸಿದರೆ, ಅವರಿಗೆ ಹಿಡಿಸಿದರೆ, ಮುಂದಿನ ಪುಸ್ತಕಗಳೆಲ್ಲ ಇವನವೇ. ತಪ್ಪಿದರೆ ಯಂತ್ರಕ್ಕೆ. ಆ ಪುಸ್ತಕದ ವಿಷಯ ಕೇಳಿದರೆ ನಗು ಬರುತ್ತದೆ: 'ನಿಮ್ಮ ಲ್ಯಾಪ್‌ಟಾಪ್ ಬ್ಯಾಟರಿ ಬಹುಕಾಲ ಬಾಳಲು ಏನು ಮಾಡಬೇಕು?' ಬಿಸಿಯಾಗಲು ಬಿಡಬೇಡಿ, ಸದಾ ಚಾರ್ಜಿಗೆ ಹಾಕಿ ಇಡಬೇಡಿ, ಮೆತ್ತನೆಯ ವಸ್ತುವಿನ ಮೇಲೆ ಇಡಬೇಡಿ. ಇಷ್ಟನ್ನೂ ಚೊಕ್ಕಟವಾಗಿ ಬರೆದವನು ತನ್ನ ಲ್ಯಾಪ್‌ಟಾಪನ್ನು ವರ್ಷಗಟ್ಟಲೆ ದಿಂಬಿನ ಮೇಲೆ, ಪ್ಲಗ್ ಕೀಳದೆ, ಬೆನ್ನು ಬೇಯುವಂತೆ ಇಟ್ಟಿದ್ದ. ಯಾಕೆಂದರೆ ಅದನ್ನು ಕೊಂಡಾಗ ಡಬ್ಬದಲ್ಲಿ ಪುಸ್ತಕ ಇರಲಿಲ್ಲ. ಪುಸ್ತಕ ಹೇಳದ್ದನ್ನು ಅವನು ಮಾಡುವವನಲ್ಲ. ಈಗ ಆ ಬ್ಯಾಟರಿಗೆ ಉಸಿರೇ ಉಳಿದಿರಲಿಲ್ಲ. ಅರ್ಧ ಇದೆ ಅಂತ ತೋರಿಸುತ್ತಲೇ ಫಕ್ಕನೆ ಆರಿಹೋಗುತ್ತಿತ್ತು.

ಎರಡನೆಯದು ಪಾಸ್‌ವರ್ಡ್. ಅದು ಹೆಂಡತಿಯ ಕೈಯಲ್ಲಿತ್ತು. ಒಂದು ಕಾಲದಲ್ಲಿ ಇವನು ಎದ್ದವನೇ ಕೆಲಸಕ್ಕೆ ಕೂತರೆ ಊಟ ತಿಂಡಿ ಅಂತ ಏಳುತ್ತಿರಲಿಲ್ಲ. ಕೊನೆಗೆ ಕತ್ತು ತಿರುಗಿಸಲಾಗದೆ ಆಸ್ಪತ್ರೆ ಸೇರಿದ. ಮನೆಗೆ ಬಂದ ದಿನ ಆಕೆ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಹಾಕಿ, ಅದೇನೆಂದು ಇವನಿಗೆ ಹೇಳಲೇ ಇಲ್ಲ. ಅಂದಿನಿಂದ ಬೆಳಿಗ್ಗೆ ಇವನು ಆಕೆಯನ್ನು ಹೆಸರು ಹಿಡಿದು ಕರೆಯಬೇಕು. ಆಕೆ ಕೈ ಒರೆಸಿಕೊಂಡು ಬಂದು, "ಮುಖ ಆ ಕಡೆ ತಿರುಗಿಸಿ" ಅನ್ನಬೇಕು. ಇವನು ಗೋಡೆ ನೋಡಬೇಕು. ಹಿಂದೆ ಟಕಟಕ ಅಂತ ಬಹಳ ಹೊತ್ತು ಸದ್ದು. ಎಂಥ ಉದ್ದದ ಪಾಸ್‌ವರ್ಡೋ ಏನೋ. ಆಮೇಲೆ, "ಹ್ಞೂಂ, ತಿರುಗಿ." ಸಂಜೆ ಆಕೆಯೇ ಬಂದು ಮುಚ್ಚುತ್ತಿದ್ದಳು. ಕದ್ದು ನೋಡೋಣ, ಏನಾದರೂ ಒತ್ತಿ ನೋಡೋಣ ಅಂತ ಇವನಿಗೆ ಒಂದು ದಿನವೂ ಅನ್ನಿಸಲಿಲ್ಲ. ನಂಬರ್ ಬೀಗವಿರುವ ಯಾವುದೋ ಬೀರುವಿನ ಪುಸ್ತಕದಲ್ಲಿ ಇವನೇ ಬರೆದಿದ್ದ: 'ತಪ್ಪು ಸಂಖ್ಯೆಯನ್ನು ಪದೇ ಪದೇ ಒತ್ತಿದರೆ ಸಾಧನ ಶಾಶ್ವತವಾಗಿ ಮುಚ್ಚಿಕೊಳ್ಳಬಹುದು.'

ಅಂದರೆ ಲೆಕ್ಕ ಇಷ್ಟೇ: ಲ್ಯಾಪ್‌ಟಾಪ್ ಆರಿದರೆ ಹೆಂಡತಿ ಬೇಕು, ಹೆಂಡತಿಯೋ ಮಾತು ಬಿಟ್ಟಿದ್ದಾಳೆ.

ಅಡುಗೆಮನೆ ಬಾಗಿಲ ತನಕ ಹೋಗಿ ಗಂಟಲು ಸರಿಮಾಡಿಕೊಂಡ. ಒಂದು ವೇಳೆ, ಅಕಸ್ಮಾತ್ತಾಗಿ ಲ್ಯಾಪ್‌ಟಾಪ್ ಆರಿಹೋದರೆ, ಅಂತ ಶುರು ಮಾಡಿದ. ಆಕೆ ಪಾತ್ರೆಯೊಂದಿಗೆ ಮಾತಾಡುವವಳ ಹಾಗೆ, "ಸೇವಾ ಕೇಂದ್ರಕ್ಕೆ ಇವತ್ತು ರಜೆ" ಅಂದಳು. ತಪ್ಪಾಯ್ತು ಅಂದುಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗಂಡಸಿನ ನಾಲಿಗೆ ಅಷ್ಟು ಸಲೀಸಾಗಿ ಮಡಚುತ್ತದೆಯೇ? ನಾನೇನು ಬೈದೆನೇ, ಹೊಡೆದೆನೇ ಅಂತ ಮನಸ್ಸಿನಲ್ಲೇ ಗೊಣಗಿಕೊಂಡು, ತೆರೆದ ಲ್ಯಾಪ್‌ಟಾಪನ್ನು ಚಾರ್ಜರಿನ ಸಮೇತ ಎದೆಗವಚಿಕೊಂಡು ಹೊರಗೆ ಬಂದ.

ಮೆಟ್ಟಿಲ ಮೇಲೆ ಮೇಲ್ಮನೆಯ ತಾತ ಕೂತಿದ್ದ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತನಾದವನು. ಕಂಬ ಹತ್ತುವುದನ್ನು ಬಿಟ್ಟ ಮೇಲೆ ಬೀದಿಯವರ ತಲೆ ಮೇಲೆ ಹತ್ತುವುದನ್ನು ರೂಢಿ ಮಾಡಿಕೊಂಡಿದ್ದ. ವಿಷಯ ತಿಳಿದದ್ದೇ ತಾತನ ಕಣ್ಣು ಅರಳಿತು. ಬ್ಯಾಟರಿ ತಾನೇ, ಬಿಸಿಲಿಗಿಡು ಅಂದ. ತಾನು ಟಾರ್ಚಿನ ಶೆಲ್ಲುಗಳನ್ನು ಬಿಸಿಲಿಗಿಟ್ಟು ಅವಕ್ಕೆ ಮರುಜನ್ಮ ಕೊಟ್ಟ ಕತೆಯನ್ನು ಸವಿಸ್ತಾರವಾಗಿ ಹೇಳಿದ. ಇದು ಆ ಜಾತಿಯ ಬ್ಯಾಟರಿಯಲ್ಲ ತಾತ, ಬಿಸಿಯೇ ಇದಕ್ಕೆ ಶತ್ರು, ಅಂತ ಕೈಪಿಡಿಯಪ್ಪ ಹೇಳುವಷ್ಟರಲ್ಲಿ ತಾತ ಲ್ಯಾಪ್‌ಟಾಪನ್ನು ಕಸಿದು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟೂ ಆಗಿತ್ತು. ಎಳೆದಾಡಿ ಬಿಡಿಸಿಕೊಳ್ಳುವುದರಲ್ಲಿ ಅರ್ಧ ಅಂತ ತೋರಿಸುತ್ತಿದ್ದದ್ದು ಕಾಲು ಭಾಗಕ್ಕೆ ಇಳಿಯಿತು.

ತಾತನಿಂದ ಒಂದು ಉಪಕಾರವಾಯಿತು ಅನ್ನಿ. ಬೀದಿಯ ಈ ಸಾಲಿಗೆ ಒಂದು ಲೈನು, ಎದುರು ಸಾಲಿಗೆ ಇನ್ನೊಂದು. ಈ ಕಡೆ ರಿಪೇರಿ ನಡೆಯುತ್ತಿದೆ, ಆ ಕಡೆ ಕರೆಂಟ್ ಇದೆ ಅಂತ ತಿಳಿಸಿದ. ತಿಳಿಸಿ ಸುಮ್ಮನಿರದೆ ತಾನೂ ಹಿಂದೆ ಹೊರಟ.

ಎದುರಿಗೆ ಟೈಲರಮ್ಮನ ಅಂಗಡಿ. ಆಕೆ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ದೂಡಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು ಜಾಗ ಮಾಡಿಕೊಟ್ಟಳು. ಕೈಪಿಡಿಯಪ್ಪ ಕತ್ತರಿಸುವ ಮೇಜಿನ ತುದಿಯಲ್ಲಿ ಕೂತು ಉಸಿರು ಬಿಟ್ಟ. ನಾಲ್ಕು ಸಾಲು ಬರೆದಿದ್ದನೋ ಇಲ್ಲವೋ, ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಾ ವಿಚಾರಣೆ ಶುರು ಮಾಡಿದಳು. ಅಕ್ಕ ಬೆಳಿಗ್ಗೆಯಿಂದ ಒದ್ದೆ ಬಟ್ಟೆಯನ್ನು ಕಲ್ಲಿನ ಮೇಲೆ ಕುಕ್ಕಿ ಕುಕ್ಕಿ ಒಗೆಯುತ್ತಿದ್ದಾರಲ್ಲ, ಆ ಸದ್ದು ಇಲ್ಲಿಯ ತನಕ ಕೇಳುತ್ತಿದೆಯಲ್ಲ, ಏನು ಸಮಾಚಾರ? ಕೈಪಿಡಿಯಪ್ಪ ತಡವರಿಸಿದ. ತಾತ ತಡವರಿಸಲಿಲ್ಲ, ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡದ್ದನ್ನೆಲ್ಲ, ಸೇವಾ ಕೇಂದ್ರದ ಸಮೇತ, ಒಪ್ಪಿಸಿಬಿಟ್ಟ.

ಟೈಲರಮ್ಮನ ಕೈಯಲ್ಲಿದ್ದ ದಾರ ಜಾರಿತು. "ಅಣ್ಣ, ನಿಮ್ಮ ಬಾಯಿಗೆ ಎರಡು ಹೊಲಿಗೆ ಹಾಕಿಕೊಡ್ಲಾ?" ಅಂದಳು.

ಮಧ್ಯಾಹ್ನ ಆಕೆ ಬೀದಿ ದಾಟಿ ಹೋಗಿ ಬಂದಳು. ಬರುವಾಗ ಕೈಯಲ್ಲಿ ಇವನ ಮನೆಯ ಊಟದ ಡಬ್ಬಿ. ಹೆಂಡತಿ ಏನೂ ಹೇಳಿರಲಿಲ್ಲ, ಸುಮ್ಮನೆ ಡಬ್ಬಿ ಚಾಚಿದ್ದಳಂತೆ. ಮಾತು ಬಿಟ್ಟಿದ್ದಳೇ ಹೊರತು ಊಟ ಬಿಡಿಸಿರಲಿಲ್ಲ. ಮುಚ್ಚಳ ತೆಗೆದರೆ ಒಂದು ಮೂಲೆಯಲ್ಲಿ ಕಾಗದಕ್ಕೆ ಸುತ್ತಿದ ಇವನ ರಕ್ತದೊತ್ತಡದ ಮಾತ್ರೆ. ಕೈಪಿಡಿಯಪ್ಪ ಊಟ ಮಾಡಿ ಮಾತ್ರೆ ನುಂಗಿದ. ಕೋಪದಲ್ಲೂ ಮಾತ್ರೆ ಮರೆಯದವಳಿಗೆ ಅಂಥ ಮಾತು ಹೇಳಿದೆನಲ್ಲ ಅಂತ ತನ್ನ ಮೇಲೆ ತನಗೇ ಸಿಟ್ಟು ಬಂತು. ಈಗಲೇ ಎದ್ದು ಹೋಗಿ ತಪ್ಪಾಯ್ತು ಅಂದುಬಿಡೋಣ ಅಂದುಕೊಂಡ. ಎದ್ದೂ ನಿಂತ.

ಅಷ್ಟರಲ್ಲಿ ಒಬ್ಬ ಗಿರಾಕಿ ಮದುವೆಗೆ ಹೊಲಿಸಿದ ಕೋಟು ಬೇಕೆಂದು ಓಡಿಬಂದ. ಟೈಲರಮ್ಮ ಆತುರದಲ್ಲಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಹೊಲಿಗೆ ಯಂತ್ರದ ಜೊತೆ ಒಂದೇ ಕಡೆ ತುರುಕಿದಳು. ಫಟ್ ಅಂತ ಸದ್ದಾಯಿತು, ಅಂಗಡಿ ಕತ್ತಲಾಯಿತು. ಫ್ಯೂಸು ನಾನು ಕಟ್ಟುತ್ತೇನೆ ಅಂತ ತಾತ ಮುಂದೆ ಬಂದ. ತಾತ ಮುಂದೆ ಬಂದನೆಂದರೆ ಅದು ಸಂಜೆಯ ತನಕ ಮುಗಿಯುವ ಕೆಲಸವಲ್ಲ ಅಂತ ಬೀದಿಗೇ ಗೊತ್ತು. ತಪ್ಪಾಯ್ತು ಅನ್ನುವ ಯೋಚನೆ ಎಲ್ಲಿ ಹೋಯಿತೋ, ಕೈಪಿಡಿಯಪ್ಪ ಆರುತ್ತಿರುವ ಬ್ಯಾಟರಿಯನ್ನು ಹಿಡಿದುಕೊಂಡು ಪಕ್ಕದ ಕ್ಷೌರದಂಗಡಿಗೆ ನುಗ್ಗಿದ.

ಅಲ್ಲಿ ಇದ್ದದ್ದು ಒಂದೇ ಪ್ಲಗ್, ಅದೂ ಕನ್ನಡಿಯ ಪಕ್ಕದಲ್ಲಿ. ಕನ್ನಡಿಯ ಮುಂದೆ ಕೂರಬೇಕಾದರೆ ಗಿರಾಕಿಯಾಗಿರಬೇಕು, ಸುಮ್ಮನೆ ಕೂತರೆ ವ್ಯಾಪಾರಕ್ಕೆ ಕಳೆಯಲ್ಲ ಅಂತ ಕ್ಷೌರಿಕ ವಿನಯದಿಂದಲೇ ಹೇಳಿದ. ಆಗಲಿ, ಗಡ್ಡ ಕೆರೆ ಅಂದ ಕೈಪಿಡಿಯಪ್ಪ. ಪೌಡರ್ ಡಬ್ಬಗಳ ನಡುವೆ ಲ್ಯಾಪ್‌ಟಾಪ್ ಇಟ್ಟು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, ಮುಖಕ್ಕೆ ನೊರೆ ಹಚ್ಚಿಸಿಕೊಂಡು, ಬಟ್ಟೆಯ ಕೆಳಗಿಂದ ಎರಡೂ ಕೈ ಚಾಚಿ ಕೊನೆಯ ಪುಟ ಬರೆಯತೊಡಗಿದ. ಅಲುಗಾಡಬೇಡಿ ಸಾರ್ ಅಂತ ಕ್ಷೌರಿಕ ಎಚ್ಚರಿಸಿದ್ದನ್ನು ಪಾಲಿಸಿದ್ದರೆ ಚೆನ್ನಾಗಿತ್ತು. ಆದರೆ ಫ್ಯೂಸನ್ನು ಕೈಬಿಟ್ಟು ತಾತ ಅಲ್ಲಿಗೂ ಬಂದ.

ಬಂದವನೇ ಬ್ಯಾಟರಿಯ ಮಾತು ತೆಗೆದ. ಬ್ಯಾಟರಿಗೆ ಯಾವಾಗಲೂ ಹೊಟ್ಟೆ ತುಂಬಾ ಚಾರ್ಜ್ ಕೊಡಬೇಕು, ಅರೆಹೊಟ್ಟೆಯಲ್ಲಿ ಯಾರು ದುಡಿದಾರು ಅಂತ ತಾತನ ವಾದ. ಕ್ಷೌರಿಕ ಒಪ್ಪಲಿಲ್ಲ. ಪೂರ್ತಿ ಸೊನ್ನೆಗೆ ಇಳಿದ ಮೇಲೆ ತಾನು ಫೋನನ್ನು ಚಾರ್ಜಿಗೆ ಹಾಕುವುದು, ಹಸಿವೆಯಾಗದೆ ಉಣಿಸಿದರೆ ಮೈಗೆ ಹತ್ತುವುದಿಲ್ಲ ಅಂತ ಅವನ ಸಿದ್ಧಾಂತ. ಒಬ್ಬ ತುಂಬು ಅಂದರೆ ಒಬ್ಬ ಬರಿದು ಮಾಡು ಅನ್ನುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಕೈಪಿಡಿಯಪ್ಪ ಅದೇ ವಾಕ್ಯವನ್ನು ಬರೆಯುತ್ತಿದ್ದ: ಪೂರ್ತಿ ತುಂಬಿಸುವುದೂ ಬೇಡ, ಪೂರ್ತಿ ಬರಿದು ಮಾಡುವುದೂ ಬೇಡ, ಇಪ್ಪತ್ತಕ್ಕೂ ಎಂಬತ್ತಕ್ಕೂ ನಡುವೆ ಇಟ್ಟುಕೊಂಡರೆ ಬಹುಕಾಲ ಬಾಳುತ್ತದೆ. ಕಣ್ಣೆದುರು ಅಚ್ಚುಕಟ್ಟಾದ ಸತ್ಯ ಇರುವಾಗ ಕಿವಿಯ ಹತ್ತಿರ ಎರಡೆರಡು ಸುಳ್ಳು ಸಹಿಸುವುದು ಹೇಗೆ? "ಎರಡೂ ತಪ್ಪು" ಅಂತ ಗಕ್ಕನೆ ತಲೆ ತಿರುಗಿಸಿದ.

ಕತ್ತಿ ಜಾರಿಬಿಟ್ಟಿತ್ತು. ರಕ್ತ ಬರಲಿಲ್ಲ, ಪುಣ್ಯ. ಮೀಸೆಯ ಎಡಭಾಗ ಮಾತ್ರ ನೊರೆಯ ಜೊತೆ ಕ್ಷೌರಿಕನ ಅಂಗೈಗೆ ಬಂದಿತ್ತು.

ಮೂವರೂ ಕನ್ನಡಿ ನೋಡಿದರು. ಅದು ಮದುವೆಗೆ ಮುಂಚೆ ಬಿಟ್ಟ ಮೀಸೆ. ಹೆಂಡತಿ ನೋಡಿ ಒಪ್ಪಿದ್ದು ಆ ಮೀಸೆಯ ಸಮೇತ. ಕ್ಷೌರಿಕ ಅಳುವವನ ಹಾಗಿದ್ದ. ಇನ್ನರ್ಧವನ್ನೂ ತೆಗೆದು ಸಮ ಮಾಡುವುದಲ್ಲದೆ ಬೇರೆ ದಾರಿ ಇಲ್ಲ ಅಂದ. ತೆಗೆ ಮಾರಾಯ, ಬೇಗ ತೆಗೆ, ಅಂತ ಕೈಪಿಡಿಯಪ್ಪ ಮತ್ತೆ ಬರೆಯಲು ಕೂತ. ಮೀಸೆ ಹೋದ ದುಃಖದಲ್ಲೂ ಕೊನೆಯ ವಾಕ್ಯ ಚೆನ್ನಾಗಿಯೇ ಬಂತು. ಚುಕ್ಕೆಯಿಟ್ಟ. ಇನ್ನು ಕಳಿಸುವುದೊಂದೇ ಬಾಕಿ. ಫೋನಿನ ಇಂಟರ್‌ನೆಟ್ಟಿಗೆ ಜೋಡಿಸೋಣ ಅಂತ ಜೇಬು ಮುಟ್ಟಿದರೆ, ಫೋನು ಮನೆಯ ದಿಂಬಿನ ಹತ್ತಿರವೇ ಉಳಿದಿತ್ತು.

ನನ್ನ ಫೋನ್ ಕೊಡ್ತೀನಿ ಸಾರ್ ಅಂತ ಕ್ಷೌರಿಕ ತನ್ನದನ್ನು ತೆಗೆದ. ಅದು ಅವನ ಸಿದ್ಧಾಂತದ ಪ್ರಕಾರ ಪೂರ್ತಿ ಸೊನ್ನೆಗೆ ಇಳಿದು ಆರಿಕೊಂಡಿತ್ತು. ತಾತನಲ್ಲಿ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಅಷ್ಟರಲ್ಲಿ ಅಂಗಡಿಯ ಫ್ಯಾನು ಗರಗರ ಅಂತ ನಿಧಾನವಾಗಿ ನಿಂತಿತು. ಎದುರಿಗೆ ಇವನ ಮನೆಯ ಸಾಲಿನಲ್ಲಿ ಒಮ್ಮೆಗೇ ದೀಪಗಳು ಹೊತ್ತಿಕೊಂಡವು. ರಿಪೇರಿ ಆ ಕಡೆ ಮುಗಿದು ಈ ಕಡೆ ಶುರುವಾಗಿತ್ತು. ಗಡಿಯಾರ ಐದರ ಹತ್ತಿರ ಬಂದಿತ್ತು. ಇಷ್ಟು ಹೊತ್ತು ಪ್ಲಗ್ಗಿನಲ್ಲಿದ್ದರೂ ಬ್ಯಾಟರಿ ಮೂವತ್ತು ಅಂತ ತೋರಿಸುತ್ತಿತ್ತು, ಆದರೆ ಅದರ ಮಾತನ್ನು ನಂಬುವವರು ಯಾರು?

ಕೈಪಿಡಿಯಪ್ಪ ಓಡಿದ. ಕತ್ತಿನ ಬಟ್ಟೆ ಬಿಚ್ಚಲಿಲ್ಲ, ಕಿವಿಯ ಹಿಂದಿನ ನೊರೆ ಒರೆಸಲಿಲ್ಲ, ತೆರೆದ ಲ್ಯಾಪ್‌ಟಾಪನ್ನು ಹಸುಗೂಸಿನ ಹಾಗೆ ಎತ್ತಿಕೊಂಡು, ಚಾರ್ಜರಿನ ತಂತಿ ಎಳೆದುಕೊಂಡು ಬೀದಿಗೆ ಇಳಿದ. ತಾತ ಮುಂದೆ ಕೈ ಬೀಸುತ್ತಾ ಸೈಕಲ್ಲಿನವರನ್ನೆಲ್ಲ ನಿಲ್ಲಿಸಿದ. ಟೈಲರಮ್ಮ ಬಾಗಿಲಿಗೆ ಬಂದು, ಮೀಸೆಯಿಲ್ಲದ ಈ ಮುಖ ಯಾರದ್ದು ಅಂತ ಕಣ್ಣು ಪಿಳಿಪಿಳಿ ಬಿಟ್ಟಳು. ಗೇಟು ದಾಟಿದ, ಮೆಟ್ಟಿಲು ಹತ್ತಿದ, ಹೊಸ್ತಿಲ ಮೇಲೆ ಕಾಲಿಟ್ಟ. ಪರದೆ ಆರಿತು.

ಅವನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. ಹೆಂಡತಿ ಒಳಗಿಂದ ಬಂದಳು. ಗಂಡನನ್ನು ನೋಡಿದಳು, ಮೂಗಿನ ಕೆಳಗೆ ನೋಡಿದಳು, ತುಟಿ ಬಿಗಿಹಿಡಿದಳು. ಇವನು ತಲೆ ಎತ್ತದೆ ಹೇಳಿದ.

"ತಪ್ಪಾಯ್ತು ಕಣೇ. ನೀನು ಬಂದು ನೋಡಿ ಅಂದಾಗ ನಾನು ಎದ್ದು ಬರಬೇಕಿತ್ತು. ಕರೆಂಟ್ ಹೋಗಿದ್ರೂ ಬರಬೇಕಿತ್ತು. ನಿನ್ನ ಜೊತೆ ಮಾತಾಡೋ ರೀತಿ ಅದಲ್ಲ."

ಆಕೆ ಸೆರಗಿನಿಂದ ಅವನ ಕಿವಿಯ ಹಿಂದಿನ ನೊರೆ ಒರೆಸಿದಳು. ಒರೆಸುತ್ತಾ ಒರೆಸುತ್ತಾ ನಗು ತಡೆಯಲಾಗದೆ ಅಲ್ಲೇ ಪಕ್ಕದಲ್ಲಿ ಕೂತುಬಿಟ್ಟಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೀಸೆ ಹೋದದ್ದಕ್ಕೆ ಇಷ್ಟು ನಗುವುದಾದರೆ ಮೊದಲೇ ತೆಗೆಸಬಹುದಿತ್ತಲ್ಲ ಅಂತ ಕೈಪಿಡಿಯಪ್ಪನಿಗೂ ನಗು ಬಂತು. ಆಮೇಲೆ ಆಕೆಯೇ ಎದ್ದು ಲ್ಯಾಪ್‌ಟಾಪನ್ನು ಪ್ಲಗ್ಗಿಗೆ ಸಿಕ್ಕಿಸಿದಳು. ಅದು ಎಚ್ಚರಗೊಂಡು, ಬೆಟ್ಟದ ಚಿತ್ರ ತೋರಿಸಿ, ಎಂದಿನಂತೆ ಕಾಯುತ್ತಾ ನಿಂತಿತು. ಇವನು ಎಂದಿನಂತೆ ಗೋಡೆಯ ಕಡೆ ತಿರುಗಿದ.

"ಇವತ್ತು ತಿರುಗಬೇಡಿ, ನೋಡಿ" ಅಂದಳು.

ಒಂದೇ ಒಂದು ಗುಂಡಿ ಒತ್ತಿದಳು. ಬೆಟ್ಟ ಸರಿಯಿತು, ಇವನ ಪುಸ್ತಕ ತೆರೆದುಕೊಂಡಿತು.

ಕೈಪಿಡಿಯಪ್ಪ ಪರದೆಯನ್ನೂ ಆಕೆಯ ಬೆರಳನ್ನೂ ನೋಡಿದ. ಪಾಸ್‌ವರ್ಡ್ ಎಲ್ಲಿ ಅಂತ ಕೇಳಿದ. ಪಾಸ್‌ವರ್ಡ್ ಇಲ್ಲ ಅಂದಳು. ಮೊದಲು ಇತ್ತಂತೆ. ಒಂದು ವಾರವೂ ಆಗುವ ಮೊದಲು, ಮರೆತುಹೋದರೆ ಏನು ಗತಿ ಅಂತ ಹೆದರಿ ಆಕೆಯೇ ತೆಗೆದುಹಾಕಿದ್ದಳಂತೆ.

"ಮತ್ತೆ ದಿನಾ ಅಷ್ಟೊತ್ತು ಟಕಟಕ ಅಂತ ಏನು ಕುಟ್ತಿದ್ದೆ?"

"ಏನೇನೋ. ಸಿಟ್ಟು ಬಂದ ದಿನ ನಿಮಗೆ ಬೈಗುಳ. ಒಳ್ಳೇ ದಿನ ಆದ್ರೆ ಬೇರೆ ಏನಾದ್ರೂ." ಆಕೆ ಪರದೆಯನ್ನು ಸೆರಗಿನಿಂದ ಒರೆಸಿದಳು. "ಕೆಲಸಕ್ಕೆ ಕೂತರೆ ನಿಮಗೆ ಮನೇಲಿ ಇನ್ನೊಬ್ಬರಿದ್ದಾರೆ ಅನ್ನೋದೇ ಮರೆತುಹೋಗುತ್ತೆ. ಇದೊಂದು ಇದ್ರೆ, ದಿನಕ್ಕೊಂದು ಸಲ ಆದ್ರೂ ನನ್ನ ಹೆಸರು ಹಿಡಿದು ಕರೀತೀರಲ್ಲ ಅಂತ."

ಕೈಪಿಡಿಯಪ್ಪ ಅನುವಾದಿಸಿದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಸುಮ್ಮನೆ ಅವಳ ಕೈ ಹಿಡಿದುಕೊಂಡ. ಮೊದಲು ಅದನ್ನು ಕಳಿಸಿ ಮಾರಾಯರೇ ಅಂತ ಆಕೆಯೇ ಕೈ ಬಿಡಿಸಿಕೊಂಡು ಗಡಿಯಾರ ತೋರಿಸಬೇಕಾಯಿತು. ಐದಕ್ಕೆ ಸರಿಯಾಗಿ ಪುಸ್ತಕ ಹೋಯಿತು. ಸ್ವಲ್ಪ ಹೊತ್ತಿಗೆ ಏಜೆನ್ಸಿಯಾಕೆಯ ಫೋನೂ ಬಂತು. ಕಂಪನಿಯವರಿಗೆ ತುಂಬಾ ಹಿಡಿಸಿದೆ, ಯಂತ್ರಕ್ಕೆ ಇಷ್ಟು ನಯವಾಗಿ ಬರೆಯಲು ಬರುವುದಿಲ್ಲ ಅಂದರಂತೆ. ಮುಂದಿನ ಪುಸ್ತಕ ನಾಳೆ ಬೆಳಿಗ್ಗೆ ಬರುತ್ತದೆ, ಬಹಳ ಅವಸರದ್ದು, ಮಧ್ಯಾಹ್ನದೊಳಗೆ ಬೇಕು ಅಂದಳು.

ಸಂತೋಷದಲ್ಲಿ ಇಬ್ಬರೂ ಚಹಾ ಕುಡಿದರು. ಗುಟ್ಟು ರಟ್ಟಾಯಿತು, ಇನ್ನು ನೀವು ಯಾಕೆ ನನ್ನನ್ನು ಕರೆಯುತ್ತೀರಿ ಅಂತ ಆಕೆ ತಮಾಷೆಗೆ ಅಂದಳು. ಅಂದಾಗ ಕಣ್ಣಲ್ಲಿ ಚೂರು ಬೇಸರವೂ ಇತ್ತು. ಅದು ಕೈಪಿಡಿಯಪ್ಪನಿಗೆ ಕಾಣಿಸಿತು. ಅಷ್ಟರ ಮಟ್ಟಿಗೆ ಅವನು ಒಂದೇ ದಿನದಲ್ಲಿ ಸುಧಾರಿಸಿದ್ದ. ಹಾಗಾದರೆ ಈಗ ನಿಜವಾಗಿಯೂ ಒಂದು ಪಾಸ್‌ವರ್ಡ್ ಇಡು, ನಾನು ದಿನಾ ಕರೆಯುತ್ತೇನೆ ಅಂದ. ಆಕೆಗೆ ಖುಷಿಯೋ ಖುಷಿ. ಮುಖ ಆ ಕಡೆ ತಿರುಗಿಸಿ ಅಂದಳು. ತಿರುಗಿಸಿದ. ಟಕಟಕ ಸದ್ದು ಬಹಳ ಹೊತ್ತು ಕೇಳಿಸಿತು.

ಮರುದಿನ ಬೆಳಿಗ್ಗೆ ಕೈಪಿಡಿಯಪ್ಪ ಬೇಗನೆ ಎದ್ದು, ಸ್ನಾನ ಮಾಡಿ, ಬೋಳು ತುಟಿಯನ್ನು ಸವರಿಕೊಂಡು, ಹೆಂಡತಿಯನ್ನು ಹೆಸರು ಹಿಡಿದು ಕರೆದ. ಒಂದು ಸಲ ಸಾಲದು ಅಂತ ಎರಡು ಸಲ ಕರೆದ. ಆಕೆ ನಗುತ್ತಾ ಬಂದಳು. ಇವನು ಗೋಡೆ ನೋಡಿದ. ಹಿಂದೆ ಟಕಟಕ ಸದ್ದಾಯಿತು. ನಿಂತಿತು. ಮತ್ತೆ ಟಕಟಕ, ಈ ಸಲ ನಿಧಾನವಾಗಿ. ಮತ್ತೆ ನಿಂತಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ.

"ರೀ, ಸ್ವಲ್ಪ ಈ ಕಡೆ ತಿರುಗಿ" ಅಂದಳು ಆಕೆ, ಸಣ್ಣ ದನಿಯಲ್ಲಿ. "ನಿನ್ನೆ ನಾನು ಏನು ಇಟ್ಟೆ ಅಂತ ನೀವೇನಾದ್ರೂ ನೋಡಿದ್ರಾ?"

"ಇಲ್ಲ. ನೀನು ತಿರುಗಿ ಅಂದೆ, ತಿರುಗಿದೆ."

ಆಕೆ ಎರಡೂ ಕೈಯನ್ನು ತಲೆಯ ಮೇಲೆ ಹೊತ್ತುಕೊಂಡಳು. "ಅಯ್ಯೋ ನನ್ನ ಕರ್ಮವೇ, ಒಂದು ಸಲವಾದ್ರೂ ಕದ್ದು ನೋಡಬಾರದಿತ್ತಾ ನೀವು?"